ಕನ್ನಡಕದಕ್ಕ ಕೇಳಿಸಿಕೊಂಡ ಅಭಿಪ್ರಾಯಗಳು

ಅವಳು ಬರೆದ ಮೊಟ್ಟಮೊದಲ ಕತೆಯಲ್ಲಿ ಒಬ್ಬ ಅತ್ತೆ ಏಣಿಯಿಂದ ಬಿದ್ದು ಸಾಯುತ್ತಾಳೆ. ಆಗ ಅವಳಿನ್ನೂ ಎರಡು ಜಡೆಯ ಶಾಲೆ ಹುಡುಗಿ. ಕತೆಯನ್ನು ಮೊದಲು ಓದಿದವರು ಭಾಷೆಯ ಮೇಷ್ಟ್ರು. ಓದಿ, ಕೆಂಪು ಶಾಯಿಯಲ್ಲಿ ಕೆಳಗೆ ‘ಕೈಬರಹ ದುಂಡಗಿದೆ’ ಎಂದು ಬರೆದರು. ಅತ್ತೆ ಸತ್ತ ವಿಷಯಕ್ಕೆ ಅವರು ಚಕಾರ ಎತ್ತಲಿಲ್ಲ. ಹುಡುಗಿಗೆ ಅಷ್ಟೇ ಸಾಕಾಗಿತ್ತು. ದುಂಡಗಿದೆ ಎಂದರೆ ಕತೆಯೇ ದುಂಡಗಿದೆ ಎಂದು ತಿಳಿದು, ಕುಣಿಯುತ್ತಾ ಮನೆಗೆ ಬಂದಳು.

ಎರಡನೆಯದಾಗಿ ಓದಿದವಳು ಅವಳ ಸೋದರತ್ತೆ. ಅಪ್ಪನ ಅಕ್ಕ. ಅದೇ ಮನೆಯಲ್ಲಿ ಮಹಡಿ ಮೇಲಿನ ಕೋಣೆಯಲ್ಲಿದ್ದವಳು.

“ಏನೇ ಇದು? ನಾನು ನಿಂಗೇನು ಅನ್ಯಾಯ ಮಾಡಿದ್ದೆ ಅಂತ ನನ್ನ ಏಣಿ ಮೇಲಿಂದ ತಳ್ಳಿದೆ?”

“ಅದು ನೀನಲ್ಲ ಅತ್ತೆ. ಕತೆ ಅದು.”

“ಕತೇಲಿರೋಳು ಸಿಡುಕಿ, ಜಿಪುಣಿ, ಬಾಯಿಬಡುಕಿ ಅಂತ ಬರೆದಿದ್ದೀಯಲ್ಲ, ಅಂಥೋರು ಈ ಮನೇಲಿ ಇನ್ಯಾರಿದ್ದಾರೆ ಹೇಳು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಪ್ಪ ನಗು ತಡೆಯಲಾರದೆ ಚಪ್ಪಲಿ ಹುಡುಕುವ ನೆಪದಲ್ಲಿ ಆಚೆಗೆ ಹೋದರು. ಅಮ್ಮ ರಾಜಿ ಮಾಡಿಸಿದಳು: ಸಾವು ಬೇಡ, ಕಾಲು ಮಾತ್ರ ಮುರಿಯಲಿ. ಹುಡುಗಿ ಮೂಗು ಸುರಿಸುತ್ತಾ ಹಾಗೇ ತಿದ್ದಿದಳು. ಅತ್ತೆ ತಿದ್ದಿದ್ದನ್ನೂ ತರಿಸಿಕೊಂಡು ಓದಿ, “ಯಾವ ಕಾಲು?” ಎಂದು ಕೇಳಿದಳು. ಅಲ್ಲಿಂದಾಚೆ ಎಷ್ಟೋ ದಿನ ಮಹಡಿ ಮೆಟ್ಟಿಲು ಇಳಿಯುವಾಗ ಅತ್ತೆ ಗೋಡೆ ಹಿಡಿದೇ ಇಳಿಯುತ್ತಿದ್ದಳು. ತಾನು ಬರೆದದ್ದನ್ನು ಓದಿ ನಂಬಿದ ಮೊದಲನೆಯವಳು ಅತ್ತೆಯೇ ಎಂಬುದು ಹುಡುಗಿಗೆ ಹೊಳೆದದ್ದು ಬಹಳ ತಡವಾಗಿ.

ಹುಡುಗಿ ಬೆಳೆದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಪೇಟೆ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಗೂ ಟೋಪಿ ಅಂಗಡಿಗೂ ನಡುವೆ ಒತ್ತಿಕೊಂಡಿದ್ದ ಕಿರಿದಾದ ಅಂಗಡಿ. ಮುಂದೆ ಗಾಜಿನ ಬೀರುಗಳಲ್ಲಿ ಸಾಲುಸಾಲು ಫ್ರೇಮುಗಳು, ಹಿಂದೆ ಪರದೆಯಾಚೆ ಗಾಜು ಅರೆಯುವ ಯಂತ್ರ. ಯಂತ್ರದ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿತ್ತು, ಅರೆದ ಗಾಜಿನ ಬಿಳಿ ಕೆಸರು ಬೆರಳ ಸಂದಿಯಲ್ಲಿ ಕೂರುತ್ತಿತ್ತು. ಮೊದಮೊದಲು ಅವಳ ಕೆಲಸ ಫ್ರೇಮಿನ ಕಾಲು ಬಗ್ಗಿಸುವುದು, ಬಿದ್ದುಹೋದ ತಿರುಪು ಹುಡುಕುವುದು. ಆಮೇಲೆ ಗಾಜು ಅರೆಯುವುದನ್ನು ಕಲಿತಳು. ಯಜಮಾನರ ಕೈ ನಡುಗಲು ಶುರುವಾದ ಮೇಲೆ ಗಿರಾಕಿಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಪವರ್ ನೋಡುವುದೂ ಅವಳ ಪಾಲಿಗೇ ಬಂತು. ಪೇಟೆಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆದರು. ಅವಳು ಕತೆ ಬರೆಯುತ್ತಾಳೆ ಎನ್ನುವುದು ಪೇಟೆಗೆ ಗೊತ್ತಿರಲಿಲ್ಲ. ಪತ್ರಿಕೆಗಳಿಗೆ ಗೊತ್ತಿತ್ತು, ಆದರೆ ಅವು ಯಾರಿಗೂ ಹೇಳುತ್ತಿರಲಿಲ್ಲ.

ಅವಳು ಕಳಿಸಿದ ಕತೆಗಳೆಲ್ಲ ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸು ಬರುತ್ತಿದ್ದವು. ಒಂದೇ ಕತೆಯನ್ನು ಎರಡು ಪತ್ರಿಕೆಗೆ ಕಳಿಸಿದರೆ, ಕೊನೆ ಏನಾಗುತ್ತದೆಂದು ಮೊದಲೇ ಗೊತ್ತಾಗುತ್ತದೆ ಎಂದು ಒಬ್ಬರು, ಕೊನೆಯಲ್ಲಿ ಏನಾಯಿತೆಂದೇ ತಿಳಿಯಲಿಲ್ಲ ಎಂದು ಇನ್ನೊಬ್ಬರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅವಳು ಮಧ್ಯದಲ್ಲಿ ನಿಂತ ಬಂಡಿ. ಒಂದು ವಾರಪತ್ರಿಕೆಯವರಂತೂ ‘ಬಳಸಿಕೊಳ್ಳಲಾಗದ್ದಕ್ಕೆ ವಿಷಾದ’ ಎಂಬ ಅಚ್ಚಾದ ಚೀಟಿಯನ್ನೇ ಪ್ರತಿಸಲ ಕಳಿಸುತ್ತಿದ್ದರು. ಒಂದೇ ಒಂದು ಸಲ ಆ ಚೀಟಿಯ ಅಂಚಿನಲ್ಲಿ ಸಂಪಾದಕರು ಸ್ವಂತ ಕೈಯಲ್ಲಿ ‘ಕೊನೆ ಉದ್ದವಾಯಿತು’ ಎಂದು ಗೀಚಿದ್ದರು. ಎರಡೇ ಪದ. ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹೇಳಿದ್ದರ ಅರ್ಥ ತಲೆಗೆ ಹೋಗಲೇ ಇಲ್ಲ. ಮನುಷ್ಯರೊಬ್ಬರು ಪೆನ್ನು ತೆಗೆದರಲ್ಲ ಎಂಬುದೇ ದೊಡ್ಡದಾಯಿತು.

ಮದುವೆಯಾದದ್ದು ಬಸ್ ಡಿಪೋದ ಮೆಕ್ಯಾನಿಕ್‌ನನ್ನು. ಒಳ್ಳೆಯ ಮನುಷ್ಯ, ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವವನು. ಆದರೆ ಪುಸ್ತಕ ಹಿಡಿದವನಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಕತೆ ಓದಿ ಹೇಳುತ್ತಿದ್ದಳು, ಅವನು ಚಾಪೆಯ ಮೇಲೆ ಕಾಲು ಚಾಚಿ ಕೇಳುತ್ತಿದ್ದ. ಎರಡನೇ ಪುಟದ ಹೊತ್ತಿಗೆ ಗೊರಕೆ.

ಮೊದಲ ಸಲ ಅವಳು ಅತ್ತಳು. ಎರಡನೇ ಸಲ ಜಗಳವಾಡಿದಳು.

“ನಾನು ನಿದ್ದೆ ಮಾಡಿದ್ದಲ್ಲ ಕಣೇ,” ಎಂದ ಗಂಡ. “ಚೆನ್ನಾಗೇ ಕೇಳ್ತಿದ್ದೆ. ಆ ಬೆಟ್ಟದ ಮೇಲೆ ಮೋಡ ಬಂತು ನೋಡು, ಅಲ್ಲಿಂದ ನನಗೇನೂ ಗೊತ್ತಿಲ್ಲ.”

ಮೂರನೇ ಸಲ ಅವಳು ಜಾಣೆಯಾದಳು. ಗೊರಕೆ ಎಲ್ಲಿ ಶುರುವಾಯಿತೋ ಆ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಳು. ಆಮೇಲೆ ಕೂತು ನೋಡಿದರೆ, ಗೆರೆ ಬಿದ್ದಲ್ಲೆಲ್ಲ ಮೋಡವೋ, ಬೆಳದಿಂಗಳೋ, ನಾಯಕಿಯ ಕಣ್ಣುಗಳೋ ಇರುತ್ತಿದ್ದವು. ಮುಂದಿನ ಭಾನುವಾರ ಮೋಡ ಕತ್ತರಿಸಿ ಓದಿದಳು. ಗೊರಕೆ ಒಂದು ಪುಟ ಮುಂದಕ್ಕೆ ಹೋಯಿತು. ಬೆಳದಿಂಗಳು ತೆಗೆದಳು, ಇನ್ನೊಂದು ಪುಟ ಮುಂದಕ್ಕೆ. ಹೀಗೆ ವರ್ಷಗಟ್ಟಲೆ ಗಂಡನ ನಿದ್ದೆಯನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಅಟ್ಟುತ್ತಾ ಹೋದಳು. ಒಂದು ಭಾನುವಾರ ಕತೆ ಮುಗಿಸಿ ತಲೆ ಎತ್ತಿದರೆ ಅವನು ಮೊಣಕೈ ಊರಿ ಎದ್ದು ಕೂತಿದ್ದ.

“ಆಮೇಲೆ?” ಎಂದ.

“ಆಮೇಲೇನಿಲ್ಲ. ಮುಗೀತು.”

“ಅದ್ಹೇಗೆ ಮುಗಿಯುತ್ತೆ? ಆ ಕಂಡಕ್ಟರ್ ಅವಳ ಕೊಡೆ ವಾಪಸ್ ಕೊಟ್ನೋ ಇಲ್ವೋ?”

ಅವಳು ಎದ್ದುಹೋಗಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ದೊಡ್ಡ ಬಿರುದು ಅದೇ.

ಕೊಡೆಯ ಕತೆಯನ್ನೂ ಸೇರಿಸಿ ಅವಳ ಮೊದಲ ಪುಸ್ತಕ ಬಂತು. ಸಣ್ಣ ಪ್ರಕಾಶಕರು, ಕಾಗದ ಉಳಿಸಲು ಅಕ್ಷರ ಕಿರಿದು ಮಾಡಿದ್ದರು. ಬಿಡುಗಡೆಗೆ ಬಂದಿದ್ದ ಪ್ರಾಧ್ಯಾಪಕರು ಈ ಪುಸ್ತಕದಲ್ಲಿ ನದಿಯೊಂದು ಪಾತ್ರವಾಗಿಯೇ ಹರಿದಿದೆ ಎಂದು ಬಹಳ ಹೊತ್ತು ಹೊಗಳಿದರು. ಪುಸ್ತಕದಲ್ಲಿ ನದಿ ಇರಲಿಲ್ಲ. ಕೊಳಾಯಿ ಕೂಡ ಇರಲಿಲ್ಲ. ಮುಂದಿನ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದ ಗಂಡ ಅವಳ ಕಿವಿಯಲ್ಲಿ, “ನನಗೆ ನಿದ್ದೆ ಬಂದಾಗ ಓದಿದ್ಯಾ ಇದನ್ನ?” ಎಂದು ಗಾಬರಿಯಿಂದ ಕೇಳಿದ. ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು: ಲೇಖಕಿಗೆ ಜೀವನಾನುಭವ ಸಾಲದು. (ಮುಂದೆ ತಲೆ ನರೆತ ಮೇಲೆ ಅದೇ ಪತ್ರಿಕೆ, ಅನುಭವದ ಭಾರ ಹೆಚ್ಚಾಯಿತು ಎಂದು ಬರೆಯಿತು. ನಡುವೆ ಯಾವುದೋ ಒಂದು ವರ್ಷ ಅವಳ ಅನುಭವ ಸರಿಯಾದ ಹದದಲ್ಲಿದ್ದಿರಬೇಕು. ಆ ವರ್ಷ ಅವರು ವಿಮರ್ಶೆ ಬರೆಯಲಿಲ್ಲ.) ಪಕ್ಕದ ಮನೆಯಾಕೆ ಪುಸ್ತಕ ವಾಪಸು ಕೊಡುತ್ತಾ, “ಚೆನ್ನಾಗಿದೆಯಮ್ಮ, ಅಕ್ಷರ ಮಾತ್ರ ಇರುವೆ ಸಾಲಿದ್ದ ಹಾಗಿದೆ. ಕಾಣಲ್ಲ,” ಎಂದರು. ಕಾಣದೆ ಹೇಗೆ ಚೆನ್ನಾಗಿತ್ತು ಎಂದು ಅವಳು ಕೇಳಲಿಲ್ಲ. ಬಾಡಿಗೆ ಮನೆ, ನೆರೆಹೊರೆ ಬೇಕು. ಇನ್ನು ಸೋದರತ್ತೆ ಇಡೀ ಪುಸ್ತಕ ತಿರುವಿಹಾಕಿ ಬೇಸರದ ಮುಖ ಮಾಡಿದ್ದಳು: “ಒಂದರಲ್ಲೂ ನಾನಿಲ್ಲವಲ್ಲೇ!”

ಪುಸ್ತಕ ಮಾರಾಟವಾಗಲಿಲ್ಲ. ಉಳಿದ ಕಟ್ಟುಗಳು ಮನೆಯ ಮಂಚದ ಕೆಳಗೆ ಸೇರಿದವು. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಕಳಿಸುವುದನ್ನು ನಿಲ್ಲಿಸಿದಳು.

ಹಾಗಿರುವಾಗ ಅಂಗಡಿಯ ಓದುವ ಕಾರ್ಡು ಹರಿದುಹೋಯಿತು. ನಲವತ್ತು ದಾಟಿ ಚಾಳೀಸು ಬಂದವರಿಗೆ ಹತ್ತಿರದ ದೃಷ್ಟಿ ನೋಡಲು ಕೈಗೆ ಕೊಡುವ ರಟ್ಟಿನ ಹಾಳೆ ಅದು. ಮೇಲೆ ದಪ್ಪ ಅಕ್ಷರ, ಸಾಲು ಸಾಲಿಗೆ ಕಿರಿದಾಗುತ್ತಾ ಕೊನೆಗೆ ಸಾಸಿವೆಯಷ್ಟು. ಹಳೆಯದರಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಹಸು ಹುಲ್ಲು ತಿನ್ನುತ್ತದೆ ಎಂದೆಲ್ಲ ಇತ್ತು. ಹುಲ್ಲು ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಕಣ್ಣು ಕಾಣದವರೂ ಸರಾಗವಾಗಿ ಓದಿಬಿಡುತ್ತಿದ್ದರು. ಪವರ್ ತಪ್ಪಾಗಿ, ಮಾರನೇ ವಾರ ಜಗಳಕ್ಕೆ ಬರುತ್ತಿದ್ದರು.

“ಹೊಸದು ಅಚ್ಚು ಹಾಕಿಸಬೇಕು. ಏನಾದ್ರೂ ನಾಲ್ಕು ಸಾಲು ಬರೆದುಕೊಡಮ್ಮ,” ಎಂದರು ಯಜಮಾನರು. “ಊಹೆ ಮಾಡಿ ಹೇಳೋಕೆ ಆಗಬಾರದು, ಅಂಥದ್ದು.”

ಊಹೆ ಮಾಡಲಾಗದಂಥ ನಾಲ್ಕು ಸಾಲು! ಅವಳು ಜೀವಮಾನವೆಲ್ಲ ಮಾಡಿದ್ದು ಅದನ್ನೇ ತಾನೆ? ಪರದೆಯ ಹಿಂದೆ, ಯಂತ್ರದ ಪಕ್ಕ ನಿಂತೇ ಬರೆದಳು.

ದಪ್ಪಕ್ಷರದಲ್ಲಿ: ‘ನಡುವೆ ಗೋಡೆ. ಆ ಕಡೆ ಅಣ್ಣ, ಈ ಕಡೆ ತಮ್ಮ.’ ಅದಕ್ಕಿಂತ ಕಿರಿದಾಗಿ: ‘ಮಾತು ಬಿಟ್ಟು ಅರ್ಧ ಆಯುಷ್ಯ ಕಳೆದಿತ್ತು. ಒಂದು ಬೆಳಗ್ಗೆ ಗೋಡೆಯಿಂದ ಇಟ್ಟಿಗೆಯೊಂದು ಜಾರಿ ಬಿತ್ತು.’ ಇನ್ನೂ ಕಿರಿದಾಗಿ: ‘ತಮ್ಮ ಬಗ್ಗಿ ನೋಡಿದ. ಆ ಕಡೆಯಿಂದ ಅಣ್ಣನೂ ಬಗ್ಗಿ ನೋಡುತ್ತಿದ್ದ. ಅಣ್ಣ ಬಾಯಿ ತೆರೆದು ಕೇಳಿದ್ದು ಒಂದೇ ಮಾತು.’ ಆಮೇಲೆ ಬಹಳ ಸಣ್ಣಕ್ಷರದಲ್ಲಿ: ‘ಲೋ, ನಿನ್ನ ತಲೇಲಿದ್ದ ಕೂದಲೆಲ್ಲೋ?’ ಅದರ ಕೆಳಗೆ, ಸಾಸಿವೆಯಲ್ಲಿ: ‘ಅಂದಿನಿಂದ ಅಣ್ಣ ತಮ್ಮ ಒಂದಾಗಿ ಬಾಳಿದರು.’

ಹೊಸ ಕಾರ್ಡು ಹಿಡಿದ ಮೊದಲನೆಯವರು ತೂಕ ಅಳತೆ ಇಲಾಖೆಯಿಂದ ನಿವೃತ್ತರಾದವರು, ಸಿಡುಕು ಸ್ವಭಾವ. ‘ಒಂದೇ ಮಾತು’ ಎನ್ನುವವರೆಗೆ ಬಂದು ನಿಂತರು. ಕಾರ್ಡನ್ನು ಕೈ ಚಾಚಿ ದೂರ ಹಿಡಿದರು, ಹತ್ತಿರ ತಂದರು, ಬೆಳಕಿಗೆ ತಿರುಗಿಸಿದರು.

“ಏನಂತೆ? ಅಣ್ಣ ಏನು ಕೇಳಿದ?”

“ಕಾಣ್ತಿಲ್ವಾ ಸಾರ್?”

“ಕಾಣ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ? ಹೇಳಿ ಬೇಗ.”

“ನಾನು ಹೇಳಿದ್ರೆ ಪರೀಕ್ಷೆ ಹೇಗಾಗುತ್ತೆ? ಸ್ವಲ್ಪ ತಡೀರಿ, ಗಾಜು ಬದಲಾಯಿಸ್ತೀನಿ.”

ಒಂದು ಗಾಜು ಹಾಕಿದಳು, ಮಬ್ಬು. ಇನ್ನೊಂದು ಹಾಕಿದಳು. ಸಿಡುಕಿನ ಮುಖ ಮೆಲ್ಲಗೆ ಸಡಿಲವಾಯಿತು. ತುಟಿ ಅಲುಗಿತು. ಮರುಕ್ಷಣ ಎತ್ತರದ ಕುರ್ಚಿ ಗಡಗಡ ಅಲುಗುವ ಹಾಗೆ ಅವರು ನಕ್ಕರು. ಟೋಪಿ ಅಂಗಡಿಯವನು ಬಾಗಿಲಿಗೆ ಬಂದು ಇಣುಕಿದ.

ಕನ್ನಡಕದಕ್ಕ ಅಲ್ಲೇ ನಿಂತು ನೋಡಿದಳು. ಇಷ್ಟು ವರ್ಷ ಅವಳ ಕತೆಗಳನ್ನು ಯಾರು ಯಾರೋ ಎಲ್ಲೆಲ್ಲೋ ಓದಿದ್ದರು, ಅಥವಾ ಓದದೆ ಓದಿದೆವೆಂದಿದ್ದರು. ಈಗ ಒಬ್ಬ ಮನುಷ್ಯ ಅವಳ ಎದುರಿಗೇ, ಮೊಳ ದೂರದಲ್ಲಿ, ಒಂದೊಂದೇ ಪದ ಓದುತ್ತಿದ್ದ. ಕಣ್ಣು ಹೇಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಹುಬ್ಬು ಎಲ್ಲಿ ಏರುತ್ತದೆ ಎಲ್ಲವೂ ಕಾಣುತ್ತಿತ್ತು. ಮುಚ್ಚುಮರೆ ಇಲ್ಲ, ಮುಖಸ್ತುತಿ ಇಲ್ಲ. ಮತ್ತೆ ಅದೇ ದಿನ ಇನ್ನೊಬ್ಬರು, ಮರುದಿನ ಮತ್ತಷ್ಟು ಜನ. ಯಾವ ಲೇಖಕರಿಗೆ ಸಿಕ್ಕೀತು ಇಂಥ ಭಾಗ್ಯ?

ಒಂದು ವಿಷಯ ಮಾತ್ರ ಅವಳನ್ನು ಕಾಡಿತು. ‘ಕೂದಲೆಲ್ಲೋ’ಗೆ ಹೊತ್ತಿಕೊಂಡ ನಗು ಕೊನೆ ಸಾಲಿಗೆ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಎಲ್ಲರ ಮುಖದಲ್ಲೂ ಹಾಗೇ. ಅಕ್ಷರ ತೀರಾ ಸಣ್ಣದಾಗಿ ಕಣ್ಣಿಗೆ ಆಯಾಸವಾಗುತ್ತಿದೆ ಎಂದುಕೊಂಡಳು.

ಆಗ ಬಂದರು, ಅಚ್ಚಾದ ಚೀಟಿ ಕಳಿಸುತ್ತಿದ್ದ ಆ ಸಂಪಾದಕರು. ವಾರಪತ್ರಿಕೆ ಬಿಟ್ಟು ಬಹಳ ಕಾಲವಾಗಿತ್ತು, ಈಗ ಕೋಲೂರಿ ನಡೆಯುವ ಮುದುಕರು. ತಾವು ಯಾರೆಂದು ಅವರೇ ಹೇಳಿಕೊಂಡ ಮೇಲೆ ಅವಳಿಗೆ ಗೊತ್ತಾದದ್ದು. ಅವಳು ಬಾಯಿ ಬಿಡದೆ ಕಾರ್ಡು ಕೈಗೆ ಕೊಟ್ಟು ಗಾಜು ಹೊಂದಿಸಿದಳು. ಅವರು ಪೂರ್ತಿ ಓದಿದರು. ನಕ್ಕರು. ಮತ್ತೆ ಹುಬ್ಬು ಗಂಟಿಕ್ಕಿ, ಜೇಬಿನಿಂದ ಪೆನ್ನು ತೆಗೆದು, ಅಂಗಡಿಯ ಸ್ವತ್ತು ಎಂಬ ಪರಿವೆಯೇ ಇಲ್ಲದೆ ಕೊನೆ ಸಾಲನ್ನು ಅಡ್ಡಡ್ಡ ಗೀಟೆಳೆದು ಹೊಡೆದುಹಾಕಿದರು.

“ಅಯ್ಯೋ, ಏನ್ ಮಾಡಿದ್ರಿ ಸಾರ್?”

“ಕೈ ತಡೀಲಿಲ್ಲಮ್ಮ, ಕ್ಷಮಿಸಿ. ಹಳೇ ಚಾಳಿ. ಯಾರು ಬರೆದದ್ದೋ ಗೊತ್ತಿಲ್ಲ, ಕತೆ ಬಹಳ ಚೆನ್ನಾಗಿದೆ. ಆದ್ರೆ ಕೂದಲೆಲ್ಲೋ ಅಂದಾಗಲೇ ಗೋಡೆ ಬಿತ್ತಲ್ಲ! ಬಿದ್ದ ಗೋಡೇನ ಮತ್ತೆ ಯಾಕೆ ತಳ್ಳಬೇಕು?”

ಅವಳು ಕಾರ್ಡು ತೆಗೆದುಕೊಂಡು ನೋಡಿದಳು. ಗೀಟಿನ ಮೇಲಿನ ಸಾಲಿಗೆ ಕತೆ ನಿಂತಿತ್ತು. ನಿಂತೂ ಜೀವಂತವಾಗಿತ್ತು. ಎಂದೋ ಒಂದು ಚೀಟಿಯ ಅಂಚಿನಲ್ಲಿ ಬಂದಿದ್ದ ಆ ಎರಡು ಪದಗಳು ಈಗ, ಇಷ್ಟು ವರ್ಷದ ಮೇಲೆ, ಅವಳ ತಲೆಗೆ ಇಳಿದವು.

“ಬರೆದವಳು ನಾನೇ ಸಾರ್,” ಎಂದಳು. “ನೀವು ಹೇಳಿದ್ದು ಸರಿ. ಮೊದಲೂ ಸರಿಯಾಗೇ ಹೇಳಿದ್ರಿ.”

ಮೊದಲು ಯಾವಾಗ ಎಂದು ಅವರು ಕೇಳಿದರು. ಅವಳು ಹೇಳಿದಳು. ಅವರು ಅವಳನ್ನೇ ನೋಡುತ್ತಾ, “ಎಷ್ಟೋ ಸಾವಿರ ಜನಕ್ಕೆ ಬರೆದೆ. ಸರಿ ಅಂತ ವಾಪಸ್ ಹೇಳಿದೋರು ನೀವೊಬ್ರೇ ಕಣಮ್ಮ,” ಎಂದು ಪರೀಕ್ಷೆಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕೊನೆ ಸಾಲಿಲ್ಲದೆ ಕಾರ್ಡು ಮತ್ತೆ ಅಚ್ಚಾಯಿತು. ಅಲ್ಲಿಂದ ಶುರುವಾಯಿತು ಫಜೀತಿ. ‘ಕೂದಲೆಲ್ಲೋ’ ಓದಿ ನಕ್ಕವರೆಲ್ಲ ಅದರ ಕೆಳಗಿನ ಖಾಲಿ ಜಾಗಕ್ಕೆ ಕಣ್ಣು ಕಿರಿದು ಮಾಡಿ ನೋಡತೊಡಗಿದರು.

“ಇನ್ನೊಂದು ಸಾಲಿದೆ, ನನಗೆ ಕಾಣ್ತಿಲ್ಲ,” ಎಂದರು ಒಬ್ಬ ದಾದಿ.

“ಇಲ್ಲಮ್ಮ, ಅಷ್ಟೇ ಇರೋದು.”

“ಇದೆ ಇದೆ. ತಮ್ಮ ಏನಂದ ಅಂತ ಇರಲೇಬೇಕು. ಇನ್ನೂ ಸ್ವಲ್ಪ ಪವರ್ ಹಾಕಿ ನೋಡಿ.”

ಖಾಲಿ ರಟ್ಟು ಓದಲು ಪವರ್ ಕೇಳುವವರಿಗೆ ಏನು ಹೇಳುವುದು? ಅವಳು ಆಣೆ ಮಾಡಿ ಹೇಳಿದರೂ ಕೆಲವರು ನಂಬದೆ, ಈ ಅಂಗಡಿಯಲ್ಲಿ ಒಳ್ಳೆ ಗಾಜಿಲ್ಲ ಎಂದು ಹೋದರು. ಹೋದವರು ಸುಮ್ಮನಿರಲಿಲ್ಲ. ತಮ್ಮ ಏನು ಉತ್ತರ ಕೊಟ್ಟಿರಬೇಕೆಂದು ಟೋಪಿ ಅಂಗಡಿಯ ಮುಂದೆ ನಿಂತು ವಾದ ಮಾಡಿದರು. ವಾದಿಸಿದವರು ಮನೆಗೆ ಹೋಗಿ ಹೇಳಿದರು. ಮನೆಯವರು ಕಣ್ಣು ಸರಿಯಿದ್ದರೂ ಕಾರ್ಡು ನೋಡಲು ಬಂದರು. ಯಜಮಾನರು ತಲೆ ಚಚ್ಚಿಕೊಂಡರು: “ಪರೀಕ್ಷೆಗೆ ಸಣ್ಣಕ್ಷರದ ಸಾಲು ಬೇಕೇ ಬೇಕಲ್ಲಮ್ಮ! ಬೇರೆ ಕತೆ ಬರಿ. ಆದ್ರೆ ಈ ಸಲ ಕೊನೆ ಇರಲಿ.”

ಬೇರೆ ಬರೆದಳು. ಕೊನೆ ಇತ್ತು, ಆದರೆ ಗಿರಾಕಿಗಳು ನಿರೀಕ್ಷಿಸಿದ ಕೊನೆಯಲ್ಲ. ತಿಂಗಳಿಗೊಂದು ಕಾರ್ಡು ಬಂತು. ಸೋದರತ್ತೆಯೂ ಒಂದು ದಿನ ಕೋಲು ಹಿಡಿದು ಬಂದು ಎತ್ತರದ ಕುರ್ಚಿ ಏರಿದಳು. ಆ ತಿಂಗಳ ಕತೆಯಲ್ಲಿ ಒಬ್ಬ ಬಾಯಿಬಡುಕಿ ಅತ್ತೆ ಬಸ್ಸು ನಿಲ್ಲಿಸಿ, ತಪ್ಪಿಹೋಗಿದ್ದ ಮಗುವನ್ನು ಊರಿಡೀ ಕೇಳುವ ಹಾಗೆ ಕೂಗಿ ಕೂಗಿ ತಾಯಿಗೆ ಸೇರಿಸುತ್ತಿದ್ದಳು. ಸಣ್ಣಕ್ಷರ ಓದಿ ಮುಗಿಸಿದ ಅತ್ತೆ ಸೆರಗು ಸರಿಮಾಡಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, “ಇದು ನಾನೇ,” ಎಂದಳು. ಕನ್ನಡಕದಕ್ಕ ಈ ಸಲ ಇಲ್ಲವೆನ್ನಲಿಲ್ಲ.

ಕಾರ್ಡು ಅಚ್ಚು ಹಾಕುತ್ತಿದ್ದ ಪ್ರೆಸ್ಸಿನಾತನೇ ಕೊನೆಗೆ ಪ್ರಸ್ತಾಪ ತಂದ.

“ಅಕ್ಕಾ, ಜನ ನಮ್ಮ ಪ್ರೆಸ್ಸಿಗೆ ಬಂದು ಹಳೇ ಕಾರ್ಡು ಕೊಡಿ ಅಂತ ಪೀಡಿಸ್ತಿದ್ದಾರೆ. ಎಲ್ಲಾ ಸೇರಿಸಿ ಪುಸ್ತಕ ಮಾಡೋಣ. ನಾನೇ ಹಾಕ್ತೀನಿ.”

“ಒಂದೇ ಷರತ್ತು,” ಎಂದಳು ಅವಳು. “ದಪ್ಪ ಅಕ್ಷರ. ಮೊದಲಿಂದ ಕೊನೇವರೆಗೂ.”

ಪುಸ್ತಕ ಬಂತು, ದಪ್ಪಕ್ಷರದಲ್ಲಿ. ಕನ್ನಡಕ ಮನೆಯಲ್ಲಿ ಮರೆತು ಬಂದವರೂ ಅಂಗಡಿಯ ಬಾಗಿಲಲ್ಲೇ ನಿಂತು ಓದಿದರು. ಫ್ರೇಮಿನ ಬೀರುವಿನಲ್ಲಿ ಇಟ್ಟಿದ್ದ ಪ್ರತಿಗಳು ಮುಗಿದವು, ಪ್ರೆಸ್ಸಿನಾತ ಮತ್ತೆ ಅಚ್ಚು ಹಾಕಿದ, ಅವೂ ಮುಗಿದವು. ಹೊಸ ಓದುಗರು ಹಳೆಯ ಪುಸ್ತಕವನ್ನೂ ಕೇಳಿಕೊಂಡು ಬಂದರು. ಮಂಚದ ಕೆಳಗಿನ ಕಟ್ಟುಗಳು ಒಂದೊಂದಾಗಿ ಹೊರಟುಹೋಗಿ, ಗಂಡ ಎಷ್ಟೋ ವರ್ಷದ ಮೇಲೆ ಅಲ್ಲಿ ಪೊರಕೆ ಆಡಿಸಿದ.

ಗ್ರಂಥಾಲಯದವರು ಅವಳನ್ನು ಓದಿ ಹೇಳಲು ಕರೆದರು. ಸಭಾಂಗಣ ತುಂಬಿ, ಜನ ಕಿಟಕಿಯ ಕಟ್ಟೆ ಮೇಲೂ ಕೂತಿದ್ದರು. ಅವಳು ಓದಿದ್ದು ಒಬ್ಬ ದರ್ಜಿ ಹೆಂಗಸಿನ ಕತೆ. ಆಕೆಯನ್ನು ಮದುವೆಯಾಗುತ್ತೇನೆಂದು ವರ್ಷಗಟ್ಟಲೆ ಕಾಯಿಸಿ ಕೈಕೊಟ್ಟವನು ಬೇರೆ ಮದುವೆಗೆ ಕೋಟು ಹೊಲಿಸಿಕೊಳ್ಳಲು ಅವಳ ಅಂಗಡಿಗೇ ಬರುತ್ತಾನೆ. ಅವಳು ಸೊಗಸಾಗಿ ಹೊಲಿದು, ಒಂದು ತೋಳನ್ನು ಮಾತ್ರ ಎರಡು ಬೆರಳು ಗಿಡ್ಡ ಮಾಡಿ ಕಳಿಸುತ್ತಾಳೆ.

ಓದಿ ಮುಗಿಸಿದಾಗ ಚಪ್ಪಾಳೆ ಏಳುವ ಮೊದಲೇ ನಡುಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು.

“ಇದು ತಪ್ಪು ಕಣ್ರೀ. ದ್ವೇಷ ಏನೇ ಇರಲಿ, ಕೆಲಸದಲ್ಲಿ ಮೋಸ ಮಾಡಬಾರದು. ನಾನೂ ಹೊಲಿಗೆಯವಳೇ.”

“ಏನ್ ತಪ್ಪು?” ಹಿಂದಿನ ಸಾಲಿನಿಂದ ಇನ್ನೊಬ್ಬಳು ಎದ್ದಳು. “ಎರಡೂ ತೋಳು ಕತ್ತರಿಸಿ ಕಳಿಸಬೇಕಿತ್ತು ಅವನಿಗೆ!”

“ಆ ಹುಡುಗಿ ಅಂಥವಳಲ್ಲ. ಅವಳು ಮಾರನೇ ದಿನ ಕರೆಸಿ ಸರಿ ಮಾಡಿಕೊಟ್ಟಿರ್ತಾಳೆ.”

“ನಿಮಗೆ ಅವಳ ವಿಷಯ ಏನು ಗೊತ್ತು? ಅಷ್ಟು ವರ್ಷ ಕಾದಿದ್ದಾಳೆ, ಸರಿ ಮಾಡಿಕೊಡ್ತಾಳಂತೆ!”

ಇಬ್ಬರೂ ತಮ್ಮ ಮನೆಯ ಹೆಣ್ಣುಮಗಳ ವಿಷಯವೆಂಬಂತೆ ಬೀದಿಜಗಳಕ್ಕೆ ನಿಂತರು. ಆಸುಪಾಸಿನವರು ಎರಡು ಪಕ್ಷವಾದರು. ಕಿಟಕಿಯ ಕಟ್ಟೆಯ ಮೇಲಿದ್ದವರೂ ಕೆಳಗಿಳಿದು ಸೇರಿಕೊಂಡರು. ವೇದಿಕೆಯ ಮೇಲೆ ಕನ್ನಡಕದಕ್ಕ ಮೈಕಿಗೆ ಬಾಗಿ, “ಅಮ್ಮಾ, ಒಂದ್ನಿಮಿಷ, ನಾನು ಬರೆಯೋವಾಗ ಏನಂದುಕೊಂಡಿದ್ದೆ ಅಂದ್ರೆ...” ಎಂದು ಶುರುಮಾಡಿದಳು.

ಹೊಲಿಗೆಯವಳು ಗರ್ರನೆ ತಿರುಗಿದಳು. “ನೀವು ಸ್ವಲ್ಪ ಸುಮ್ನಿರಮ್ಮಾ. ನೀವು ಬರೆದಿದ್ದು ಆಯ್ತಲ್ಲ?”

ಆಯಿತು. ನಿಜವಾಗಿಯೂ ಆಗಿತ್ತು. ಕನ್ನಡಕದಕ್ಕ ಮೈಕನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ವೇದಿಕೆಯ ಅಂಚಿಗೆ ಎಳೆದುಕೊಂಡು, ಚೆನ್ನಾಗಿ ಕೇಳಿಸಲೆಂದು ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಕೂತಳು.